ತಾಯಿ ಮತ್ತು ಮೋರಿ

2016ರ ಸೆಪ್ಟೆಂಬರ್ 12ರ ಸಂಜೆ ಬೆಂಗಳೂರಿನ ಹದಿನಾರು ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ, ನಂದಿನಿ ಬಡಾವಣೆ, ಪೀಣ್ಯ, ರಾಜಗೋಪಾಲನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ವಿಜಯನಗರ, ಚಂದ್ರಾ ಬಡಾವಣೆ, ಬ್ಯಾಟರಾಯನಪುರ, ಜ್ಞಾನಭಾರತಿ, ರಾಜರಾಜೇಶ್ವರಿನಗರ, ಕೆಂಗೇರಿ ಎಂದು ಟಿ.ವಿ. ಪರದೆಯ ಕೆಳಪಟ್ಟಿಯಲ್ಲಿ ಹೆಸರುಗಳು ಒಂದರ ಹಿಂದೊಂದು ಓಡಿದವು. ಊರಿನ ಪಶ್ಚಿಮ ಭಾಗ ಬಲ್ಲವರಿಗೆ ಅದು ಬಿಎಂಟಿಸಿ ಬಸ್ಸಿನ ಮಾರ್ಗಫಲಕದಂತೆ ಕಂಡಿರಬೇಕು. ಅದೇ ಹೆಸರುಗಳನ್ನು ರಸ್ತೆಯ ನಕ್ಷೆ ಬಿಟ್ಟು ನೀರಿನ ನಕ್ಷೆಯ ಮೇಲೆ ಇಟ್ಟರೆ ಬೇರೆಯೇ ಚಿತ್ರ ಮೂಡುತ್ತದೆ. ಬಹುಪಾಲು ಒಂದೇ ಬೋಗುಣಿಯೊಳಗಿವೆ. ಅಲ್ಲಿ ಬಿದ್ದ ಮಳೆ, ಅಲ್ಲಿನ ಬಚ್ಚಲಿನ ನೀರು, ಕಾರ್ಖಾನೆಗಳಿಂದ ಹೊರಬಿದ್ದದ್ದು ಎಲ್ಲವೂ ಇಳಿಯುವುದು ವೃಷಭಾವತಿಗೆ. ವೃಷಭಾವತಿ ಸೇರುವುದು ಅರ್ಕಾವತಿಯನ್ನು, ಅರ್ಕಾವತಿ ಸೇರುವುದು ಸಂಗಮದಲ್ಲಿ ಕಾವೇರಿಯನ್ನು. ಕಾವೇರಿಯ ಹೆಸರಿನಲ್ಲಿ ನಡೆದ ಗಲಭೆಗೆ ಕರ್ಫ್ಯೂ ಬಿದ್ದ ನೆಲ ಕಾವೇರಿಯದೇ ಕಣಿವೆ. ಆ ದಿನ ಟಿ.ವಿ. ಮುಂದೆ ಕೂತವನಿಗೆ ಸಾವಿರ ಸಂಗತಿ ಗೊತ್ತಾದವು. ಇದೊಂದು ಮಾತ್ರ ಗೊತ್ತಾಗುವ ಹಾಗಿರಲಿಲ್ಲ.

ಸುದ್ದಿ ಮಾಧ್ಯಮ ಒಂದು ಸಮಸ್ಯೆಯನ್ನು ವರದಿ ಮಾಡುವಾಗ ಎರಡು ಕೆಲಸ ಮಾಡುತ್ತದೆ. ಒಂದು, ಏನಾಯಿತು ಎಂದು ಹೇಳುವುದು. ಇನ್ನೊಂದು, ಕೇಳುವವನನ್ನು ಒಂದು ಜಾಗದಲ್ಲಿ ಕೂರಿಸುವುದು: ನೀನು ಇಂಥವನು, ಇವರ ಕಡೆಯವನು, ಇದನ್ನು ಇಲ್ಲಿಂದ ನೋಡು ಎಂದು. ಮೊದಲನೆಯದರಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕಬಹುದು. ಎರಡನೆಯದಕ್ಕೆ ತಿದ್ದುಪಡಿ ಎಂಬುದೇ ಇಲ್ಲ, ಏಕೆಂದರೆ ಅದು ನಡೆದದ್ದೇ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರು ಪಶ್ಚಿಮದ ಓದುಗನನ್ನು, ನೋಡುಗನನ್ನು ಕನ್ನಡ ಸುದ್ದಿ ದಶಕಗಳ ಕಾಲ ಎರಡು ಬೇರೆ ಬೇರೆ ಕುರ್ಚಿಗಳಲ್ಲಿ ಕೂರಿಸಿದೆ ಎಂಬುದು ನನ್ನ ವಾದ. ನೂರಿಪ್ಪತ್ತು ಕಿಲೋಮೀಟರ್ ದೂರದ ಕಾವೇರಿಯ ವಿಷಯ ಬಂದಾಗ ಅವನು ಮಗ. ಮನೆಯ ಹಿಂದೆ ಹರಿಯುವ ಅದೇ ಕಾವೇರಿಯ ಉಪನದಿಯ ಉಪನದಿಯ ವಿಷಯ ಬಂದಾಗ ಅವನು ಮೂಗು ಮುಚ್ಚಿಕೊಂಡು ದಾಟುವ ದಾರಿಹೋಕ. ಒಂದು ತಾಯಿ, ಇನ್ನೊಂದು ಮೋರಿ.

ಮೊದಲ ಕುರ್ಚಿ ಸಿದ್ಧವಾದ ಬಗೆ ನೋಡೋಣ. ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ 1892ರಲ್ಲಿ, ಮತ್ತೆ 1924ರಲ್ಲಿ ಒಪ್ಪಂದಗಳಾದಾಗ ಕಾವೇರಿ ಎಂಜಿನಿಯರುಗಳ, ದಿವಾನರ, ರೆಸಿಡೆಂಟರ ವ್ಯವಹಾರವಾಗಿತ್ತು. ಬೆಂಗಳೂರಿಗೂ ಅದಕ್ಕೂ ನೀರಿನ ನಂಟು ಇರಲಿಲ್ಲ. ಈ ಊರು ಕುಡಿಯುತ್ತಿದ್ದದ್ದು ಅರ್ಕಾವತಿಯನ್ನು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ಮಾಗಡಿ ರಸ್ತೆಯ ಆಚೆಯಿಂದ ಬರುತ್ತಿದ್ದ ಈ ತಿಪ್ಪಗೊಂಡನಹಳ್ಳಿ ನೀರನ್ನೇ ಪಶ್ಚಿಮದ ಬಡಾವಣೆಗಳು ಬಹುಕಾಲ ನೆಚ್ಚಿದ್ದವು. 1924ರ ಒಪ್ಪಂದದ ಕೆಲವು ಷರತ್ತುಗಳನ್ನು ಐವತ್ತು ವರ್ಷಗಳ ನಂತರ ಮರುಪರಿಶೀಲಿಸಬೇಕಿತ್ತು, ಅಂದರೆ 1974ರಲ್ಲಿ. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿನ ನಲ್ಲಿಗೆ ಬಂದದ್ದೂ ಅದೇ 1974ರಲ್ಲಿ. ಒಂದು ನದಿ ವ್ಯಾಜ್ಯಕ್ಕೂ ನಲ್ಲಿಗೂ ಒಂದೇ ವರ್ಷ ಒಟ್ಟಿಗೆ ಬಂದದ್ದು ಕಾಕತಾಳೀಯವೇ ಇರಬಹುದು, ಆದರೆ ಮುಂದಿನ ಕಥೆಗೆ ಅದು ಮುಖ್ಯ. ಅಲ್ಲಿಂದ ಮುಂದೆ ಬೆಂಗಳೂರಿನವನಿಗೆ ಕಾವೇರಿಯ ಸುದ್ದಿ ಬರೀ ಸುದ್ದಿಯಲ್ಲ, ಬೆಳಗಿನ ಕೊಡದ ಲೆಕ್ಕ.

ಅವನನ್ನು ದಿನಾ ಕಾವೇರಿಗೆ ಕಟ್ಟಿಹಾಕಿದ್ದು ಸಂಪಾದಕೀಯಗಳಲ್ಲ, ಭಾಷಣಗಳ ವರದಿಯೂ ಅಲ್ಲ. ಅದು ಪತ್ರಿಕೆಯ ಮೂಲೆಯ ಒಂದು ಪುಟ್ಟ ಚೌಕ. ಮೇಲೆ ‘ಜಲಾಶಯಗಳ ಮಟ್ಟ’ ಎಂಬ ತಲೆಬರಹ, ಕೆಳಗೆ ಗೆರೆ ಎಳೆದ ಕಾಲಂಗಳು: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮೊದಲ ಸಾಲಿನಲ್ಲೇ ಕೆಆರ್‌ಎಸ್, ಅದರ ಮುಂದೆ ಎಂದೂ ಬದಲಾಗದ 124.80 ಅಡಿ. ಪಕ್ಕದ ಅಂಕಿ ಮಾತ್ರ ದಿನವೂ ಏರಿಳಿಯುತ್ತದೆ. ಜೂನ್ ಕೊನೆಯಲ್ಲಿ ಅದು ಮೇಲೇರದಿದ್ದರೆ ಬಸವೇಶ್ವರನಗರದ ನಿವೃತ್ತ ನೌಕರನೂ ಕಾಫಿ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಾನೆ. ಕೊಡಗಿನಲ್ಲಿ ಮಳೆ ಎಂದರೆ ಅವನ ಮುಖ ಅರಳುತ್ತದೆ. ಟಿಎಂಸಿ, ಕ್ಯುಸೆಕ್ ಎಂಬ ಎರಡು ಇಂಗ್ಲಿಷ್ ಸಂಕ್ಷೇಪಗಳು ಕನ್ನಡದ ಮನೆಮಾತಾದದ್ದು ಈ ಚೌಕದಿಂದ. ಆದರೆ ಮನೆಮಾತಾದ ಮಾತ್ರಕ್ಕೆ ಅರ್ಥವಾದವು ಎಂದೇನಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. 2016ರ ಹೊತ್ತಿಗೆ ಬೆಂಗಳೂರಿಗೆ ದಿನಕ್ಕೆ ಬರುತ್ತಿದ್ದ ಕಾವೇರಿ ನೀರು ಸುಮಾರು 140 ಕೋಟಿ ಲೀಟರ್, ಅಂದರೆ ವರ್ಷಕ್ಕೆ ಹದಿನೆಂಟು ಟಿಎಂಸಿ ಆಸುಪಾಸು. ಆ ವರ್ಷ ಸೆಪ್ಟೆಂಬರ್ 5ರಂದು ತಮಿಳುನಾಡಿಗೆ ಹತ್ತು ದಿನ ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ 15,000 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು, ಲೆಕ್ಕ ಹಾಕಿದರೆ ಹದಿಮೂರು ಟಿಎಂಸಿ. ಅದು ರಾಜಧಾನಿಯ ಎಂಟೂವರೆ ತಿಂಗಳ ನೀರು. ಈ ಲೆಕ್ಕ ಮಾಡಲು ಹೈಸ್ಕೂಲು ಗಣಿತ ಸಾಕು. ಆದರೂ ಚೌಕ ಅಡಿಯಲ್ಲೇ ಅಳೆಯುತ್ತದೆ, ವರದಿ ಕ್ಯುಸೆಕ್‌ನಲ್ಲೇ ಮಾತಾಡುತ್ತದೆ, ತೀರ್ಪು ಟಿಎಂಸಿಯಲ್ಲಿ ಬರುತ್ತದೆ. ಮೂರನ್ನೂ ಜೋಡಿಸುವ ಕೆಲಸವನ್ನು ಓದುಗನ ಭಾವನೆಗೆ ಬಿಡಲಾಗಿದೆ.

ಇದರಲ್ಲಿ ಪತ್ರಿಕೆಗಳ ದುರುದ್ದೇಶವೇನೂ ಇರಲಿಲ್ಲ. ಆ ಚೌಕ ಒಂದು ಒಳ್ಳೆಯ ಪತ್ರಿಕಾ ಸಂಪ್ರದಾಯವೇ. ನಗರದವನಿಗೆ ದೂರದ ಅಣೆಕಟ್ಟನ್ನು ಹತ್ತಿರ ತಂದ ಇಂಥ ಉಪಾಯ ಬೇರೆ ಎಷ್ಟಿವೆ? ನನ್ನ ತಕರಾರು ಅದು ಏನನ್ನು ಹತ್ತಿರ ತಂದಿತು ಎಂಬುದರ ಬಗ್ಗೆ ಅಲ್ಲ, ಏನನ್ನು ದೂರದಲ್ಲೇ ಬಿಟ್ಟಿತು ಎಂಬುದರ ಬಗ್ಗೆ. ಅಲ್ಲಿ ಹಾರಂಗಿ ಇದೆ, ಹೇಮಾವತಿ ಇದೆ, ಕಬಿನಿ ಇದೆ. ವೃಷಭಾವತಿ ಹರಿಯುವ ನಾಯಂಡಹಳ್ಳಿಗೆ ಕಾಲಂ ಇಲ್ಲ.

1991ಕ್ಕೆ ಬರೋಣ. ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರ ಜೂನ್‌ನಲ್ಲಿ. ಮರುವರ್ಷ ಜೂನ್ 25ಕ್ಕೆ ಅದರ ಮಧ್ಯಂತರ ಆದೇಶ ಬಂತು: ವರ್ಷಕ್ಕೆ 205 ಟಿಎಂಸಿ ನೀರು ತಮಿಳುನಾಡಿನ ಮೆಟ್ಟೂರು ಜಲಾಶಯ ತಲುಪಬೇಕು. ಎಸ್. ಬಂಗಾರಪ್ಪನವರ ಸರ್ಕಾರ ಆ ಆದೇಶವನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಅದು ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಹೇಳಿತು. ಡಿಸೆಂಬರ್ ಎರಡನೇ ವಾರ ಮಧ್ಯಂತರ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದದ್ದೇ ಬೆಂಗಳೂರು, ಮೈಸೂರು ಹೊತ್ತಿಕೊಂಡವು. ಗೋಲಿಬಾರಿನಲ್ಲಿ, ಗಲಭೆಯಲ್ಲಿ ಜನ ಸತ್ತರು, ತಮಿಳು ಮಾತಾಡುವ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಆಗ ಖಾಸಗಿ ಸುದ್ದಿವಾಹಿನಿ ಇರಲಿಲ್ಲ. ಇದ್ದದ್ದು ದೂರದರ್ಶನ, ಆಕಾಶವಾಣಿಯ ಪ್ರದೇಶ ಸಮಾಚಾರ, ಬೆಳಗಿನ ಮತ್ತು ಸಂಜೆಯ ಪತ್ರಿಕೆಗಳು. ಸರ್ಕಾರಿ ಪ್ರಸಾರ ಅಳೆದು ತೂಗಿ ಹೇಳುತ್ತಿದ್ದ ಕಾರಣಕ್ಕೆ ಉಳಿದ ಜಾಗವನ್ನು ಗಾಳಿಮಾತು ತುಂಬಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಹಾಗೆ. ಟಿ.ವಿ. ವಾಹಿನಿಗಳಿಂದಲೇ ಗಲಭೆ ಎನ್ನುವವರು ಈ ವರ್ಷವನ್ನು ಮರೆಯಬಾರದು. ವಾಹಿನಿಯೇ ಇಲ್ಲದ ಕಾಲದಲ್ಲಿ ಸತ್ತವರೇ ಹೆಚ್ಚು.

ಆದರೆ ಆ ಕಾಲದ ಅಚ್ಚಿನ ಭಾಷೆಯಲ್ಲೇ ಮುಂದಿನದರ ಬೀಜ ಇತ್ತು. ಗಲಭೆಯ ವರದಿಯ ಕನ್ನಡ ಒಂದು ವಿಶೇಷ ಕನ್ನಡ. ಅದರಲ್ಲಿ ಕಲ್ಲು ತೂರುವವರಿಲ್ಲ, ‘ಕಲ್ಲು ತೂರಾಟ ನಡೆಯುತ್ತದೆ’. ಬೆಂಕಿ ಹಚ್ಚುವವರಿಲ್ಲ, ‘ವಾಹನಗಳು ಬೆಂಕಿಗೆ ಆಹುತಿಯಾಗುತ್ತವೆ’. ಗುಂಪು ಯಾವಾಗಲೂ ‘ಉದ್ರಿಕ್ತ’, ಪರಿಸ್ಥಿತಿ ಯಾವಾಗಲೂ ‘ಬಿಗುವಿನಿಂದ ಕೂಡಿದ್ದರೂ ಹತೋಟಿಯಲ್ಲಿದೆ’. ಸಮುದಾಯಗಳ ಹೆಸರು ಹೇಳದಿರುವುದು ಕಿಚ್ಚು ಹೆಚ್ಚದಿರಲಿ ಎಂಬ ಸದುದ್ದೇಶದಿಂದ ಬಂದ ಪತ್ರಿಕಾ ಶಿಸ್ತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಕರ್ತೃಪದವಿಲ್ಲದ ವಾಕ್ಯಗಳಲ್ಲಿ ಗಲಭೆ ಮಳೆ ಗಾಳಿಯ ಹಾಗೆ ತಾನಾಗಿ ಬಂದು ಹೋಗುವ ಸಂಗತಿಯಾಗಿಬಿಡುತ್ತದೆ, ಸುಟ್ಟ ಗುಡಿಸಲಿನವನೂ ವ್ಯಾಕರಣದಿಂದಲೇ ಮಾಯವಾಗುತ್ತಾನೆ. ಬಿನ್ನಿ ಮಿಲ್ಲಿನ ಕಾಲದಿಂದ ಮಾಗಡಿ ರಸ್ತೆಯ ಆಸುಪಾಸಿನಲ್ಲಿ ನೂಲು, ಗಾರೆ, ಮೂಟೆಯ ಕೆಲಸ ಮಾಡಿಕೊಂಡಿದ್ದ ತಮಿಳರು ಆ ಬೀದಿಗಳಿಗೆ ಹೊಸಬರಾಗಿರಲಿಲ್ಲ. ಅಷ್ಟೇಕೆ, ರಾಜಾಜಿನಗರದ ಹೆಸರೇ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ಸಿ. ರಾಜಗೋಪಾಲಾಚಾರಿ ಅವರದು. ಪತ್ರಿಕೆಯ ‘ನಾವು’ ಎಂಬ ಮಾತಿನೊಳಗೆ ಈ ಅಕ್ಕಪಕ್ಕದವರಿಗೆ ಜಾಗ ಇತ್ತೇ? ‘ನಮ್ಮ ನೀರು’ ಎಂದು ಬರೆದಾಗ ಅದು ಕಣಿವೆಯ ನೀರೋ, ರಾಜ್ಯದ ನೀರೋ, ಭಾಷೆಯ ನೀರೋ ಎಂದು ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಬಿಡಿಸದೇ ಇದ್ದಾಗ ಮೂರೂ ಒಂದೇ ಆಗಿ ಕೇಳಿಸುತ್ತದೆ.

ನಂತರದ ಹದಿನೈದಿಪ್ಪತ್ತು ವರ್ಷಗಳಲ್ಲಿ ಸುದ್ದಿಯ ಯಂತ್ರ ಪೂರ್ತಿ ಬದಲಾಯಿತು. 1999ರಲ್ಲಿ ಬಂದ ‘ವಿಜಯ ಕರ್ನಾಟಕ’ ಬೆಲೆ ಇಳಿಸಿ ಊರೂರಿನ ಆವೃತ್ತಿ ತೆಗೆಯಿತು, ಉಳಿದವೂ ಹಿಂಬಾಲಿಸಿದವು. ಇದರಿಂದ ಒಂದು ವಿಚಿತ್ರ ಫಲ ಸಿಕ್ಕಿತು. ಮಂಡ್ಯದ ಓದುಗನಿಗೆ ನಾಲೆಯ ಸುದ್ದಿ, ಬೆಂಗಳೂರಿನ ಓದುಗನಿಗೆ ನಲ್ಲಿಯ ಸುದ್ದಿ. ಕಬ್ಬಿನ ಗದ್ದೆಗೂ ಅಪಾರ್ಟ್‌ಮೆಂಟಿನ ಸಂಪಿಗೂ ಒಂದೇ ನೀರಿನ ಮೇಲೆ ಪೈಪೋಟಿ ಇದೆ ಎಂಬುದು ಇಬ್ಬರ ಪತ್ರಿಕೆಯಲ್ಲೂ ಬರುವುದು ಅಪರೂಪವಾಯಿತು, ಏಕೆಂದರೆ ಆ ಸುದ್ದಿ ಎರಡು ಆವೃತ್ತಿಗಳ ನಡುವಿನ ಗೆರೆಯ ಮೇಲೆ ಬೀಳುತ್ತಿತ್ತು. 2006ರ ಡಿಸೆಂಬರ್‌ನಲ್ಲಿ ಕನ್ನಡಕ್ಕೆ ಇಪ್ಪತ್ತನಾಲ್ಕು ಗಂಟೆಯ ಸುದ್ದಿವಾಹಿನಿ ಟಿವಿ9 ಬಂತು, ಎರಡು ತಿಂಗಳಲ್ಲೇ, 2007ರ ಫೆಬ್ರುವರಿ 5ರಂದು, ನ್ಯಾಯಮಂಡಳಿಯ ಅಂತಿಮ ತೀರ್ಪು. 2016ರ ಹೊತ್ತಿಗೆ ಹೀಗೆ ದಿನವಿಡೀ ತುಂಬಬೇಕಾದ ಪರದೆಗಳು ಹಲವಾಗಿದ್ದವು.

ಸೆಪ್ಟೆಂಬರ್ 12ರಂದು ಆ ಪರದೆಗಳ ಮೇಲೆ ಏನಿತ್ತು? ಬೆಳಿಗ್ಗೆಯೇ ಸುಪ್ರೀಂ ಕೋರ್ಟ್ ತನ್ನ ಆದೇಶವನ್ನು ತಿದ್ದಿ, ಸೆಪ್ಟೆಂಬರ್ 20ರವರೆಗೆ 12,000 ಕ್ಯುಸೆಕ್ ಎಂದಿತ್ತು. ಚೆನ್ನೈನಲ್ಲಿ ಕನ್ನಡಿಗರ ಒಡೆತನದ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಎಸೆದ ಸುದ್ದಿ ಬಂತು. ರಾಮೇಶ್ವರದಲ್ಲಿ ಕರ್ನಾಟಕದ ವಾಹನ ಚಾಲಕನಿಗೆ ಹೊಡೆಯುವ ಮೊಬೈಲ್ ದೃಶ್ಯ ಬಂತು. ಅದಕ್ಕೂ ಮುಂಚೆ ಬೆಂಗಳೂರಿನಲ್ಲೇ, ಫೇಸ್‌ಬುಕ್ ಪೋಸ್ಟೊಂದರ ನೆಪದಲ್ಲಿ ತಮಿಳು ಯುವಕನೊಬ್ಬನನ್ನು ಹಿಡಿದು ಹೊಡೆದು ಕ್ಷಮೆ ಕೇಳಿಸಿದ ದೃಶ್ಯ ತಮಿಳುನಾಡಿನ ಕಡೆ ಹರಿದಾಡಿತ್ತು. ಎರಡೂ ಕಡೆಯ ನೋಡುಗರು ತಮ್ಮವನು ಪೆಟ್ಟು ತಿನ್ನುವುದನ್ನೇ ಹೆಚ್ಚು ಸಲ ನೋಡಿದರು. ಮಧ್ಯಾಹ್ನದ ನಂತರ ನಾಯಂಡಹಳ್ಳಿ ಬಳಿಯ ಡಿಸೋಜಾ ನಗರದ ಡಿಪೋದಲ್ಲಿ ತಮಿಳುನಾಡಿನ ಕೆಪಿಎನ್ ಸಂಸ್ಥೆಯ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟವು. ಆ ಕಪ್ಪು ಹೊಗೆ ಕಂಡದ್ದೇ ದಿನದ ಚಿತ್ರ ನಿಶ್ಚಯವಾಯಿತು. ಪರದೆಯನ್ನು ಎರಡಾಗಿ ಸೀಳಿ ಒಂದು ಪಕ್ಕ ಉರಿಯುವ ಬಸ್ಸು, ಇನ್ನೊಂದು ಪಕ್ಕ ಅಣೆಕಟ್ಟಿನ ತೂಬು. ಕೆಳಗೆ ಕೆಂಪು ಪಟ್ಟಿ, ಅದರಲ್ಲಿ ‘ಕಿಚ್ಚು’, ‘ಧಗಧಗ’, ‘ಕೊತಕೊತ’. ಒಮ್ಮೆ ಹತ್ತಿದ ಬೆಂಕಿ ಪರದೆಯ ಮೇಲೆ ಗಂಟೆಗಟ್ಟಲೆ ಆರದೇ ಉಳಿಯಿತು. ಯಾವುದು ಈಗಿನದು, ಯಾವುದು ಆಗಿನದು ಎಂದು ನೋಡುಗನಿಗೆ ತಿಳಿಯುವ ದಾರಿ ಇರಲಿಲ್ಲ. ಸಂಯಮ ಇರಲಿ ಎಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಾಹಿನಿಗಳಿಗೆ ಸಲಹೆ ಕಳಿಸಬೇಕಾಯಿತು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾದ.

ದೆಹಲಿ ಕೇಂದ್ರಿತ ಇಂಗ್ಲಿಷ್ ವಾಹಿನಿಗಳು ಇದೇ ಹೊಗೆಯನ್ನು ಬೇರೆ ಕುರ್ಚಿಯಿಂದ ತೋರಿಸಿದವು. ಅಲ್ಲಿ ನೋಡುಗ ಬಂಡವಾಳ ಹೂಡುವವನು, ಅಥವಾ ಐಟಿ ಉದ್ಯೋಗಿ. ‘ದೇಶದ ಸಿಲಿಕಾನ್ ಕಣಿವೆ’ಗೆ ಹೀಗಾಯಿತಲ್ಲ ಎಂಬ ಹಳಹಳಿ. ಅಸೋಚಾಂ ಎಂಬ ವಾಣಿಜ್ಯ ಸಂಘ ರಾಜ್ಯಕ್ಕಾದ ನಷ್ಟ 22,000ದಿಂದ 25,000 ಕೋಟಿ ರೂಪಾಯಿ ಎಂದು ಅಂದಾಜು ಕೊಟ್ಟಿತು, ಅದು ಎಲ್ಲೆಡೆ ಅಚ್ಚಾಯಿತು. ಕರ್ಫ್ಯೂ ಬಿದ್ದದ್ದು ಮಾತ್ರ ವೈಟ್‌ಫೀಲ್ಡಿನಲ್ಲಲ್ಲ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ, ದಿನಗೂಲಿ ತಪ್ಪಿದರೆ ಒಲೆ ಉರಿಯದ ಮನೆಗಳಲ್ಲಿ. ಕನ್ನಡ ವಾಹಿನಿಯ ನೋಡುಗ ಕಾವೇರಿಯ ಮಗನಾದ, ಇಂಗ್ಲಿಷ್ ವಾಹಿನಿಯ ನೋಡುಗ ಬ್ರ್ಯಾಂಡ್ ಬೆಂಗಳೂರಿನ ಷೇರುದಾರನಾದ. ಬಾಗಿಲು ಹಾಕಿಕೊಂಡು ಒಳಗೆ ಕೂತ ಪಶ್ಚಿಮದ ಕಾರ್ಮಿಕನಿಗೆ ಎರಡರಲ್ಲೂ ಕುರ್ಚಿ ಇರಲಿಲ್ಲ. ಪೊಲೀಸರು ಬಂಧಿಸಿದ ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರೂ ಇದ್ದರು. ಅವರ ಊರು ಕಾವೇರಿ ಕಣಿವೆಯಲ್ಲೇ ಇಲ್ಲ, ಅದು ಕೃಷ್ಣೆಯ ಸೀಮೆ. ಇದನ್ನು ಒಂದು ಕ್ಷಣ ನಿಂತು ಯೋಚಿಸುವಂತೆ ಮಾಡುವ ಅವಕಾಶ ಸುದ್ದಿಗೆ ಇತ್ತು. ಕೈಬಿಟ್ಟಿತು.

ಇನ್ನು ಎರಡನೇ ಕುರ್ಚಿ. ವೃಷಭಾವತಿ ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟುತ್ತಾಳೆ ಎಂಬುದು ಹಳೆಯ ನಂಬಿಕೆ, ಹೆಸರು ಬಂದದ್ದೂ ಅಲ್ಲಿಂದಲೇ. ಪೀಣ್ಯ, ರಾಜಾಜಿನಗರದ ಕಡೆಯಿಂದ ಇಳಿಯುವ ಕವಲುಗಳು ಕೂಡಿಕೊಂಡು, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬದಿಯಿಂದ ನಾಯಂಡಹಳ್ಳಿಗೆ, ಅಲ್ಲಿಂದ ಕೆಂಗೇರಿಗೆ, ಬಿಡದಿ ಬಳಿಯ ಬೈರಮಂಗಲ ಕೆರೆಗೆ. ಈ ಒಂದೇ ಹರಿವಿಗೆ ಸುದ್ದಿಯಲ್ಲಿ ಇರುವ ಹೆಸರುಗಳನ್ನು ನೋಡಿ. ಪ್ರವಾಹದ ದಿನ ಅದು ‘ರಾಜಕಾಲುವೆ’. ನೀರು ಮನೆಗೆ ನುಗ್ಗಿತು ಎಂದಾಗ ಓದುಗ ಸಂತ್ರಸ್ತ, ಒತ್ತುವರಿ ತೆರವು ಎಂದಾಗ ಸೈಟು ಕೊಂಡು ಮೋಸಹೋದವ. ಜಲಮಂಡಳಿಯ ಟೆಂಡರು ಸುದ್ದಿಯಲ್ಲಿ ಅದು ‘ವಿ ವ್ಯಾಲಿ’, ಓದುಗ ತೆರಿಗೆದಾರ. ಪರಿಸರ ದಿನದ ಪುರವಣಿಯಲ್ಲಿ ಮಾತ್ರ ಅದು ‘ಅಂದಿನ ಪುಣ್ಯನದಿ’, ಓದುಗ ಹಳಹಳಿಸುವ ಅಜ್ಜ. ಉಳಿದ ಮುನ್ನೂರ ಅರವತ್ತನಾಲ್ಕು ದಿನ, ಸಿನಿಮಾ ಹಾಸ್ಯದಲ್ಲೂ ಬಸ್ಸಿನ ಮಾತಿನಲ್ಲೂ ಸುದ್ದಿಯ ತಲೆಬರಹದಲ್ಲೂ ಅದು ‘ಕೆಂಗೇರಿ ಮೋರಿ’. ಮೋರಿ ಎನ್ನುವುದು ಬರೀ ವಾಸನೆಯ ಮಾತಲ್ಲ. ಮೋರಿಗೆ ಮೂಲ ಇರುವುದಿಲ್ಲ, ಕೊನೆ ಇರುವುದಿಲ್ಲ, ಕಣಿವೆ ಇರುವುದಿಲ್ಲ. ಅದು ನಮ್ಮಿಂದ ಆಚೆ ಹೋಗುವುದು ಅಷ್ಟೇ, ಎಲ್ಲಿಗೆ ಎಂದು ಕೇಳುವ ಅಗತ್ಯವಿಲ್ಲ. ನದಿಯ ಬಗ್ಗೆ ಕೇಳುವ ಮೊದಲ ಪ್ರಶ್ನೆಯೇ ಅದು ಎಲ್ಲಿಗೆ ಹೋಗುತ್ತದೆ ಎಂಬುದು.

2016ರ ಆಗಸ್ಟ್‌ನಲ್ಲಿ, ಕಾವೇರಿ ಗಲಭೆಗೆ ಒಂದು ತಿಂಗಳ ಮುಂಚೆ, ಇದೇ ವಾಹಿನಿಗಳು ಇದೇ ಊರಿನಲ್ಲಿ ರಾಜಕಾಲುವೆ ಒತ್ತುವರಿ ತೆರವನ್ನು ನೇರವಾಗಿ ತೋರಿಸುತ್ತಿದ್ದವು. ಜೆಸಿಬಿ, ಬೀಳುವ ಗೋಡೆ, ಅಳುವ ಮನೆಯೊಡತಿ. ಸೆಪ್ಟೆಂಬರ್‌ನಲ್ಲಿ ಬಸ್ಸು, ಬೆಂಕಿ, ಅಣೆಕಟ್ಟು. ಎರಡೂ ನೀರಿನ ಸುದ್ದಿಗಳೇ. ಆಗಸ್ಟಿನ ಕಾಲುವೆಗಳಲ್ಲಿ ಪಶ್ಚಿಮದವು ಹರಿದು ಕೂಡುವುದು ಸೆಪ್ಟೆಂಬರಿನ ನದಿಯನ್ನೇ. ಮೂವತ್ತು ದಿನಗಳ ಅಂತರದಲ್ಲಿ ಒಂದೇ ನೋಡುಗ ಎರಡು ಕುರ್ಚಿ ಬದಲಾಯಿಸಿದ, ಎರಡನ್ನೂ ಜೋಡಿಸುವ ಒಂದು ಬಾಣದ ಗುರುತೂ ಗ್ರಾಫಿಕ್ಸಿನಲ್ಲಿ ಬರಲಿಲ್ಲ. ಚಂಡಮಾರುತದ ಸುಳಿಯನ್ನು ಬಣ್ಣಬಣ್ಣದಲ್ಲಿ ತಿರುಗಿಸಿ ತೋರಿಸುವ ಗ್ರಾಫಿಕ್ಸ್ ವಿಭಾಗಕ್ಕೆ ಅದೇನೂ ಕಷ್ಟದ ಕೆಲಸವಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು: ಕಾವೇರಿಯ ನಂಟನ್ನು ಮಾಧ್ಯಮ ಹುಟ್ಟಿಸಲಿಲ್ಲ, ಅದು ಇತ್ತು. ಮೈಸೂರು ರಸ್ತೆ, ಮಾಗಡಿ ರಸ್ತೆ ಹಿಡಿದು ಬಂದು ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಕಟ್ಟಿದವರಲ್ಲಿ ಮಂಡ್ಯ, ಮದ್ದೂರು, ಕನಕಪುರ, ಹಾಸನದ ಮಂದಿ ಕಡಿಮೆಯೇನಿಲ್ಲ. ಅಪ್ಪನ ಗದ್ದೆ ಅಲ್ಲಿ, ಮಗನ ಬಾಡಿಗೆ ಮನೆ ಇಲ್ಲಿ. ನಾಲೆಗೆ ನೀರು ಬರದಿದ್ದರೆ ಇಲ್ಲಿನ ಮನೆಗೆ ಅಕ್ಕಿ ಮೂಟೆ ಬರುವುದಿಲ್ಲ. ಅವನನ್ನು ರೈತನ ಮಗ ಎಂದು ಕರೆದರೆ ಅದು ಸುಳ್ಳಲ್ಲವಲ್ಲ? ಸುಳ್ಳಲ್ಲ, ನಿಜ. ಆದರೆ ಅದೇ ಮನುಷ್ಯ ಅದೇ ಹೊತ್ತಿನಲ್ಲಿ ಮಂಡ್ಯದ ಗದ್ದೆಯ ಜೊತೆ ನೀರಿಗೆ ಸ್ಪರ್ಧಿಸುವ ನಲ್ಲಿಯ ಒಡೆಯ. ಬೈರಮಂಗಲದ ರೈತನ ಕೆರೆಗೆ ಕೊಳಚೆ ಕಳಿಸುವವನು. ಗೋಡೆಯಾಚೆಯ ತಮಿಳು ಗಾರೆ ಕೆಲಸಗಾರನ ನೆರೆಯವನು. ನಾಲ್ಕೂ ನಿಜ. ಸುದ್ದಿ ನಾಲ್ಕರಲ್ಲಿ ಒಂದನ್ನು ಆರಿಸಿ ಅದನ್ನೇ ಅವನ ಪೂರ್ತಿ ಹೆಸರಾಗಿ ಮಾಡಿತು. ಯಾವುದನ್ನು ಆರಿಸಿದರೆ ಎದುರಾಳಿ ಹೊರಗಿನವನಾಗುತ್ತಾನೋ ಅದನ್ನೇ ಆರಿಸಿತು.

ಎರಡನೆಯ ಆಕ್ಷೇಪ: ಅದು ಮೋರಿಯೇ ಆಗಿದೆ, ಮೋರಿಯನ್ನು ಮೋರಿ ಎನ್ನದೆ ಇನ್ನೇನೆನ್ನಬೇಕು? ಹೊಗಳಿ ಬರೆದರೆ ನೊರೆ ಕರಗುತ್ತದೆಯೇ? ಇಲ್ಲ. ಪತ್ರಿಕೆಗಳು ವೃಷಭಾವತಿಯ ಮಾಲಿನ್ಯವನ್ನು ಬಿಟ್ಟೂ ಇಲ್ಲ. ಬೈರಮಂಗಲದ ನೊರೆ, ಕಪ್ಪು ನೀರಿನಲ್ಲಿ ಬೆಳೆಯುವ ತರಕಾರಿ, ಬೇಬಿ ಕಾರ್ನ್, ಹಸುವಿನ ಮೇವಿನ ಬಗ್ಗೆ ಒಳ್ಳೆಯ ವರದಿಗಾರರು ಕಾಲು ಸವೆಸಿ ಬರೆದಿದ್ದಾರೆ. ನ್ಯಾಯಾಲಯಕ್ಕೆ ವಿಷಯ ಹೋಗಿ, ಪರಿಸರ ಎಂಜಿನಿಯರಿಂಗ್ ಸಂಶೋಧನೆಯ ‘ನೀರಿ’ (NEERI) ಸಂಸ್ಥೆಯ ತಜ್ಞರಿಂದ ಅಧ್ಯಯನಕ್ಕೆ ಹೈಕೋರ್ಟ್ ಸೂಚಿಸುವವರೆಗೆ ಬಂದದ್ದರಲ್ಲಿ ಇಂಥ ಬರಹಗಳ ಪಾಲೂ ಇದೆ. ನನ್ನ ಮಾತು ಇಷ್ಟೇ: ಅವು ಬಂದದ್ದು ರಾಮನಗರದ ಪುಟದಲ್ಲಿ, ಅಥವಾ ಪರಿಸರದ ಪುಟದಲ್ಲಿ. ಕಾವೇರಿಯ ಪುಟದಲ್ಲಿ ಅಲ್ಲ. ಮಾಲಿನ್ಯ ಒಂದು ಸುದ್ದಿ, ನದಿ ಹಂಚಿಕೆ ಇನ್ನೊಂದು ಸುದ್ದಿ, ಎರಡಕ್ಕೂ ಬೇರೆ ವರದಿಗಾರ, ಬೇರೆ ಡೆಸ್ಕು. ತಮಿಳುನಾಡು ಸರ್ಕಾರಕ್ಕೆ ಮಾತ್ರ ಈ ಗೆರೆ ಕಾಣಲಿಲ್ಲ. ಬೆಂಗಳೂರಿನ ಕೊಳಚೆ ತನ್ನ ನದಿಗಳಿಗೆ ಬರುತ್ತಿದೆ ಎಂದು 2015ರಲ್ಲೇ ಅದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು. ನಾವು ಮೋರಿ ಎಂದು ಮರೆತದ್ದನ್ನು ಅವರು ನದಿ ಎಂದು ದಾವೆ ಹೂಡಿದರು.

ಮೂರನೆಯದು ಹೆಚ್ಚು ತೊಡಕಿನದು. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಮಳೆ ಕೈಕೊಟ್ಟಿತು, ಮತ್ತೆ 5,000 ಕ್ಯುಸೆಕ್ ನೀರು ಬಿಡಬೇಕೆಂಬ ಆದೇಶ. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ವಾಹಿನಿಗಳು ಅವೇ, ಕೆಂಪು ಪಟ್ಟಿ ಅದೇ, ಶಬ್ದಗಳೂ ಅವೇ. ಆದರೆ ಊರು ಹೊತ್ತಲಿಲ್ಲ. 1991ರಲ್ಲಿ ವಾಹಿನಿಯಿಲ್ಲದೆ ಗಲಭೆ, 2023ರಲ್ಲಿ ವಾಹಿನಿಯಿದ್ದೂ ಶಾಂತಿ. ಹಾಗಾದರೆ ಮಾಧ್ಯಮದ ಪಾತ್ರ ಏನೂ ಇಲ್ಲವೇ? ಪೊಲೀಸರು ಮೊದಲೇ ಎಚ್ಚೆತ್ತಿದ್ದರು, ನಿಷೇಧಾಜ್ಞೆ ಹಾಕಿದ್ದರು, ಪಕ್ಷಗಳ ಲೆಕ್ಕಾಚಾರ ಬೇರೆ ಇತ್ತು. ಒಪ್ಪಬೇಕಾದದ್ದೇ. ಬಸ್ಸಿಗೆ ಬೆಂಕಿ ಇಟ್ಟದ್ದು ಕ್ಯಾಮೆರಾ ಅಲ್ಲ. ಆದರೆ ಕುರ್ಚಿಯ ಮಾತು ಬೆಂಕಿಯ ಮಾತಿಗಿಂತ ಬೇರೆ. ಬೆಂಕಿ ಹತ್ತದ ವರ್ಷವೂ ನೋಡುಗ ಅದೇ ಜಾಗದಲ್ಲಿ ಕೂತು ನೋಡಿದ. ಹಾಗೆ ಕೂತದ್ದರ ಪರಿಣಾಮವನ್ನು ಗಲಭೆಯ ದಿನಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಸಿಗುವುದು ತೀರ್ಪಿನ ಸುದ್ದಿಯಲ್ಲಿ.

2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟಿತು. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು. ಹೆಚ್ಚಾದ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಸುದ್ದಿಯಲ್ಲಿ ಅಂದು 14.75 ಎಂಬ ಅಂಕಿಯೇ ದೊಡ್ಡಕ್ಷರ. ಆ 4.75ರ ಹಿಂದೆ ಒಂದು ಭೂಗೋಳದ ಪಾಠ ಇತ್ತು. 2007ರಲ್ಲಿ ನ್ಯಾಯಮಂಡಳಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಹಿಡಿದು ಕುಡಿಯುವ ನೀರಿನ ಲೆಕ್ಕ ಹಾಕಿತ್ತು. ಬೆಂಗಳೂರು ನಿಂತಿರುವುದು ದಿಬ್ಬದ ಮೇಲೆ. ಪೂರ್ವಕ್ಕೆ ಬಿದ್ದ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ. ಕುಡಿಯುವ ನೀರಿಗೆ ಕಣಿವೆಯ ಗೆರೆ ಅಡ್ಡ ಬರಬಾರದು ಎಂದು ಸುಪ್ರೀಂ ಕೋರ್ಟ್ ಇಡೀ ನಗರವನ್ನು ಲೆಕ್ಕಕ್ಕೆ ತಂದಿತು. ಆದರೆ ಅಲ್ಲಿಯವರೆಗೆ ಹನ್ನೊಂದು ವರ್ಷ ಬೆಂಗಳೂರಿಗೆ ಕಾವೇರಿಯ ಮೇಲೆ ಕಣಿವೆಯ ಹಕ್ಕು ಇದೆ ಎಂಬ ಮಾತು ನಿಂತದ್ದು ಆ ಮೂರನೇ ಒಂದು ಭಾಗದ ಮೇಲೆ. ಅದರ ದೊಡ್ಡ ಪಾಲು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಇಳಿಜಾರು. ಊರಿನ ಹಕ್ಕಿಗೆ ಸಾಕ್ಷಿ ನುಡಿಯುತ್ತಿದ್ದದ್ದು ಆ ಮೋರಿ. ಈ ಮಾತು ಪಶ್ಚಿಮದ ನಾಲ್ಕು ಮನೆಗಳಲ್ಲಿ ಕೇಳಿದರೆ ಎಷ್ಟು ಮನೆಯವರಿಗೆ ಗೊತ್ತಿರುತ್ತದೆ ಎಂದು ಊಹಿಸಲು ಸಮೀಕ್ಷೆ ಬೇಕಿಲ್ಲ.

ಇನ್ನೊಂದು ಸಂಗತಿ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿದ ಕಾವೇರಿ ನೀರು ರಾಜಾಜಿನಗರದ ಮನೆಯೊಂದರ ನಲ್ಲಿಗೆ ಬರುತ್ತದೆ. ಅಲ್ಲಿ ಅನ್ನ ಬೇಯುತ್ತದೆ, ಬಟ್ಟೆ ಒಗೆಯಲಾಗುತ್ತದೆ, ಸ್ನಾನ ಆಗುತ್ತದೆ. ಎಂಜಿನಿಯರುಗಳ ಸಾಮಾನ್ಯ ಲೆಕ್ಕದಂತೆ ಅದರ ನೂರಕ್ಕೆ ಎಂಬತ್ತು ಪಾಲು ಬಚ್ಚಲಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಸಂಸ್ಕರಣೆಯಾಗಿ, ಸ್ವಲ್ಪ ಹಾಗೇ, ವೃಷಭಾವತಿಗೆ. ಬೈರಮಂಗಲದಲ್ಲಿ ಗದ್ದೆಗೆ ಹರಿದು ಉಳಿದದ್ದು ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ, ಮೇಕೆದಾಟಿನ ಬಂಡೆಗಳ ನಡುವೆ ನುಗ್ಗಿ ಗಡಿಯ ಬಿಳಿಗುಂಡ್ಲುವಿಗೆ. ಕರ್ನಾಟಕ ತಮಿಳುನಾಡಿಗೆ ಬಿಡಬೇಕಾದ 177.25 ಟಿಎಂಸಿಯನ್ನು ಕೇಂದ್ರ ಜಲ ಆಯೋಗ ಅಳೆಯುವುದು ಅಲ್ಲೇ. ಬಂದ್ ದಿನ ಟಿ.ವಿ. ನೋಡುತ್ತ ಕೂತವನ ಮನೆಯ ಬಚ್ಚಲ ನೀರೂ ಆ ಮಾಪಕದ ಅಂಕಿಯೊಳಗೆ ಸೇರಿ ದಾಟಿರುತ್ತದೆ. ಕಾವೇರಿ ಬಿಸಿ ಏರಿದ ತಿಂಗಳುಗಳಲ್ಲಿ ಬಿಳಿಗುಂಡ್ಲುವಿನ ಅಂಕಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಜಲಾಶಯಗಳ ಮಟ್ಟದ ಚೌಕ ಒಳಪುಟದಲ್ಲಿ ಎಂದಿನಂತೆ ಇರುತ್ತದೆ, ಮೊದಲ ಸಾಲಿನಲ್ಲಿ ಕೆಆರ್‌ಎಸ್, 124.80 ಅಡಿ.